ಐಪಿಎಲ್ ಲೆಕ್ಕದ ಪುಸ್ತಕ: ನಾವು ಕಲಿತದ್ದು, ನಾನು ತಪ್ಪಿದ್ದು

(ನಮ್ಮ ವೇದಿಕೆಯ ಕ್ಲಿಯರ್ ಲೇಕ್ ಸಭೆಯಲ್ಲಿ ಆಡಿದ ಮಾತು. ಡಲ್ಲಾಸ್, ಆಸ್ಟಿನ್ ಕಡೆಯಿಂದ ಬರಲಾಗದವರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇನೆ. ಮಾತಿನಲ್ಲಿ ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ ಇದೆ.)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಐಟಿಐ ಮಾಡಿದ ಎಲೆಕ್ಟ್ರಿಷಿಯನ್ ನಾನು. ಪ್ಯಾನೆಲ್ ಬೋರ್ಡ್ ಮುಂದೆ ನಿಂತರೆ ಧೈರ್ಯ, ಮೈಕ್ ಮುಂದೆ ನಿಂತರೆ ಕೈ ನಡುಗುತ್ತೆ. ಆದರೂ ಈ ಸಲ ನಾನೇ ಕೇಳಿಕೊಂಡು ಇಪ್ಪತ್ತು ನಿಮಿಷ ತಗೊಂಡಿದ್ದೀನಿ. ವಿಷಯ ಕ್ರಿಕೆಟ್ ಬೆಟ್ಟಿಂಗ್. "ಬೆಟ್ಟಿಂಗ್ ಕೆಟ್ಟದ್ದು, ಆಡಬೇಡಿ" ಅಂತ ಹೇಳೋಕೆ ಇಪ್ಪತ್ತು ನಿಮಿಷ ಬೇಕಾಗಿಲ್ಲ, ಅದನ್ನ ನಮ್ಮಮ್ಮ ಒಂದೇ ಮಾತಲ್ಲಿ ಹೇಳ್ತಾಳೆ. ನಾನು ಹೇಳೋಕೆ ಹೊರಟಿರೋದು ಬೇರೆ. ಬೆಟ್ಟಿಂಗಿನ ಲೆಕ್ಕವನ್ನು ನಾವು ಕೆಲವರು ಸೇರಿ ಮೂರು ವರ್ಷ ಶ್ರದ್ಧೆಯಿಂದ ಮಾಡಿದೆವು. ಅದರಿಂದ ಏನು ತಿಳಿಯಿತು, ನಾನು ಎಲ್ಲಿ ಜಾರಿದೆ, ಅದನ್ನ ನಿಮ್ಮ ಮುಂದೆ ಹೇಳಬೇಕು. ಇಲ್ಲಿ ಕೂತಿರುವ ಕೆಲವರಿಗೆ ಅರ್ಧ ಗೊತ್ತಿದೆ. ಇನ್ನರ್ಧ ನನ್ನ ಬಾಯಿಂದಲೇ ಬರಲಿ.

ಶುರುವಾದದ್ದು 2022ರ ಐಪಿಎಲ್‌ನಲ್ಲಿ. ನಮಗಿಲ್ಲಿ ಸಂಜೆಯ ಮ್ಯಾಚು ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನದ ಮ್ಯಾಚು ಬೆಳಗಿನ ಜಾವ ಐದಕ್ಕೆ. ಶನಿವಾರ ಭಾನುವಾರ ನಮ್ಮ ಅಪಾರ್ಟ್‌ಮೆಂಟಿಗೆ ಐದಾರು ಜನ ಬರೋರು. ಅವಲಕ್ಕಿ, ಉಪ್ಪಿಟ್ಟು, ಕಾಫಿ, ಮ್ಯಾಚು. ಒಬ್ಬ ಎಸಿ ಮೆಕ್ಯಾನಿಕ್, ಇಬ್ಬರು ಗೋದಾಮಿನ ಕೆಲಸದವರು, ಒಬ್ಬ ಟ್ರಕ್ ಓಡಿಸೋನು. ಎಲ್ಲರೂ ಮಾತಿಗೆ ಬಿದ್ದರೆ ದ್ರಾವಿಡ್, ಕುಂಬ್ಳೆಗಿಂತ ಹೆಚ್ಚು ಬಲ್ಲವರು. "ಟಾಸ್ ಗೆದ್ದೋರೇ ಗೆಲ್ತಾರೆ", "ಇಬ್ಬನಿ ಬಿದ್ದರೆ ಚೇಸಿಂಗೇ ಸರಿ", "ಚಿನ್ನಸ್ವಾಮಿಯಲ್ಲಿ ಇನ್ನೂರು ಸಾಲದು". ನನಗೆ ಕೆಲಸದಿಂದ ಬಂದ ಒಂದು ಚಟ ಇದೆ. ಟೆಸ್ಟರ್ ಇಟ್ಟು ನೋಡದೆ ಲೈನ್ ಸತ್ತಿದೆ ಅಂತ ಯಾರು ಹೇಳಿದರೂ ನಂಬಲ್ಲ. ಹಾಗಾಗಿ ಒಂದು ದಿನ, "ಸುಮ್ನೆ ಬಾಯಲ್ಲಿ ಹೇಳಬೇಡ್ರಪ್ಪ, ಬರೆದಿಡೋಣ" ಅಂದೆ. ಒಂದು ನೋಟ್‌ಬುಕ್, ಅದರ ಹಿಂದೆ ಒಂದು ಎಕ್ಸೆಲ್ ಶೀಟು.

ಬರೆಯೋಕೆ ಸರಕು ಬೇಕಲ್ಲ. ಅದಕ್ಕೆ ಕೊರತೆ ಇರಲಿಲ್ಲ. ಕ್ರಿಕ್‌ಇನ್ಫೋ ಶುರುವಾದದ್ದೇ 1993ರಲ್ಲಿ, ಇದೇ ಅಮೆರಿಕದ ಮಿನ್ನೆಸೋಟ ಯೂನಿವರ್ಸಿಟಿಯಲ್ಲಿ ಇದ್ದ ಸೈಮನ್ ಕಿಂಗ್ ಎಂಬವರ ಕೈಯಲ್ಲಿ. ಅದನ್ನು ಬೆಳೆಸಿದ್ದು ಸ್ಕೋರ್ ಸಿಗದೆ ಒದ್ದಾಡುತ್ತಿದ್ದ ಪರದೇಶದ ವಿದ್ಯಾರ್ಥಿಗಳು, ಅವರಲ್ಲಿ ಬಹಳ ಜನ ನಮ್ಮ ದೇಶದವರು. ಯಾರೂ ಸಂಬಳ ಕೊಡದೆ ಸ್ಕೋರ್ ಟೈಪ್ ಮಾಡಿ ಹಂಚಿದರು. ಈಗ ಕ್ರಿಕ್‌ಶೀಟ್ ಅಂತ ಇನ್ನೊಂದಿದೆ, ಪ್ರತಿ ಚೆಂಡಿನ ಲೆಕ್ಕ ಪುಕ್ಕಟೆ ಸಿಗುತ್ತೆ. ಮನೆ ಬಿಟ್ಟು ಬಂದವರು ಆಟದ ನೆಪದಲ್ಲಿ ಸೇರಿ ಒಂದು ಕೆಲಸ ಕಟ್ಟೋದು ಹೊಸದೇನಲ್ಲ, ನಮಗಿಂತ ಮೊದಲು ಮಾಡಿದವರಿದ್ದಾರೆ ಅಂತ ಆಗ ನಮಗೆ ಹೆಮ್ಮೆ ಅನ್ನಿಸಿತ್ತು.

ಪ್ರತಿ ಮ್ಯಾಚಿಗೂ ಮೊದಲು ಯಾರು ಗೆಲ್ತಾರೆ, ನೂರಕ್ಕೆ ಎಷ್ಟು ಸಾಧ್ಯತೆ ಅಂತ ಬರೆಯೋದು. ಬೆಟ್ಟಿಂಗ್ ಕಂಪನಿಗಳು ಏನು ದರ ಕೊಟ್ಟಿವೆ ಅಂತ ಪಕ್ಕದಲ್ಲಿ ಬರೆಯೋದು. ಮ್ಯಾಚ್ ಮುಗಿದ ಮೇಲೆ ಸರಿಯೋ ತಪ್ಪೋ ಗುರುತು ಹಾಕೋದು. ದುಡ್ಡು ಕಟ್ಟುತ್ತಿರಲಿಲ್ಲ. ಬಾಯಿಮಾತಿನ ಪಂಡಿತರೆಲ್ಲ ಒಂದೇ ತಿಂಗಳಲ್ಲಿ ಮೆತ್ತಗಾದರು. ಟಾಸ್ ಗೆದ್ದವರು ಮ್ಯಾಚ್ ಗೆದ್ದದ್ದು ಅರ್ಧಕ್ಕೆ ತುಂಬಾ ಹತ್ತಿರ. ನಮ್ಮ ಆರ್‌ಸಿಬಿಗೆ ನಾವು ಕೊಟ್ಟ ಸಾಧ್ಯತೆ ಯಾವಾಗಲೂ ಹೆಚ್ಚು, ಬಂದ ಫಲ ಯಾವಾಗಲೂ ಕಮ್ಮಿ. ಪ್ರೀತಿ ಲೆಕ್ಕದೊಳಗೆ ಸೇರಿಕೊಂಡಿತ್ತು. ಅದೇ ತಂಡ 2013ರ ಏಪ್ರಿಲ್ 23ರಂದು 263 ಹೊಡೆದಿದೆ, 2017ರ ಅದೇ ಏಪ್ರಿಲ್ 23ರಂದು 49ಕ್ಕೆ ಆಲ್ ಔಟ್ ಆಗಿದೆ. ಟಿ20 ಅಂದರೆ ಅಷ್ಟು ಏರುಪೇರು ಅನ್ನೋದು ಅಂಕಿ ನೋಡಿದಾಗ ಮಾತ್ರ ತಲೆಗೆ ಹೋಗುತ್ತೆ.

ಆ ಸೀಸನ್ನಿನ 74 ಮ್ಯಾಚಿನಲ್ಲಿ ನನ್ನ ಊಹೆ 43 ಸರಿಯಾಯಿತು. ನೂರಕ್ಕೆ 58. ಸುದ್ದಿ ಹರಡಿತು. ಡಲ್ಲಾಸ್‌ನಿಂದ, ಆಸ್ಟಿನ್‌ನಿಂದ, ಸ್ನೇಹಿತರ ಸ್ನೇಹಿತರು ಫೋನ್ ಮಾಡೋಕೆ ಶುರು ಮಾಡಿದರು. "ಅಣ್ಣಾ, ನಾಳೆ ಯಾವುದು?" ಐದು ಜನ ಇದ್ದದ್ದು ಅರವತ್ತಕ್ಕೂ ಮೇಲಾಯಿತು. ಕೆಲಸದಲ್ಲಿ ನನ್ನನ್ನ ಹೆಸರಿಟ್ಟು ಕರೆಯೋರೂ ಕಮ್ಮಿ. ಇಲ್ಲಿ ಅರವತ್ತು ಜನ ನನ್ನ ಮಾತಿಗೆ ಕಾಯ್ತಿದ್ದಾರೆ. ತಲೆ ತಿರುಗದೆ ಇರುತ್ತಾ?

ಈಗ ಸ್ವಲ್ಪ ಲೆಕ್ಕ ಹೇಳಬೇಕು. ಬೇಜಾರು ಮಾಡ್ಕೋಬೇಡಿ, ಇದೇ ಮುಖ್ಯ.

ಇಬ್ಬರೂ ಸಮಬಲದ ತಂಡ ಅಂದುಕೊಳ್ಳಿ. ನ್ಯಾಯವಾದ ದರ ಅಂದರೆ ಒಂದು ಡಾಲರ್ ಕಟ್ಟಿದರೆ ಗೆದ್ದಾಗ ಎರಡು ವಾಪಸ್ ಬರಬೇಕು. ಬುಕ್ಕಿ ಎರಡು ಕೊಡಲ್ಲ, ಎರಡೂ ಕಡೆಗೂ 1.90 ಕೊಡ್ತಾನೆ. ಹತ್ತು ಪೈಸೆ ತಾನೇ ಅನ್ನಿಸುತ್ತೆ. ನಮ್ಮ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ರೇಟು ಏರಲಿ ಇಳಿಯಲಿ, ರೈತ ಗೆಲ್ಲಲಿ ವ್ಯಾಪಾರಿ ಗೆಲ್ಲಲಿ, ದಲ್ಲಾಳಿಯ ಕಮಿಷನ್ ದಲ್ಲಾಳಿಗೆ. ಬುಕ್ಕಿಯೂ ಹಾಗೇ. ಅವನಿಗೆ ಯಾರು ಗೆಲ್ತಾರೆ ಅನ್ನೋದು ಬೇಕಿಲ್ಲ, ಎರಡೂ ಕಡೆ ಜನ ಕಟ್ಟುತ್ತಾ ಇರಬೇಕು ಅಷ್ಟೇ. 1.90 ದರದಲ್ಲಿ ನಮ್ಮ ಅಸಲು ಉಳಿಯಬೇಕಾದರೇ ನೂರಕ್ಕೆ 52.6 ಸಲ ಗೆಲ್ಲಬೇಕು. ಬರೀ ಅರ್ಧ ಗೆದ್ದರೆ, ಕಟ್ಟಿದ ಪ್ರತಿ ನೂರು ಡಾಲರಿಗೆ ಐದು ಡಾಲರ್ ಸೋರುತ್ತಾ ಹೋಗುತ್ತೆ. ಯಾರು ಗೆಲ್ತಾರೆ ಅಂತ ತಿಳಿಯೋದು ಒಂದು ವಿದ್ಯೆ. ದರಕ್ಕಿಂತ ನಮ್ಮ ತಿಳಿವಳಿಕೆ ಹೆಚ್ಚಿದೆಯಾ ಅಂತ ತಿಳಿಯೋದು ಬೇರೆಯೇ ವಿದ್ಯೆ. ಎರಡನೆಯದು ಇಲ್ಲದೆ ಮೊದಲನೆಯದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಎರಡನೆಯ ಲೆಕ್ಕ. ನನ್ನ 58 ಪರ್ಸೆಂಟ್ ಎಷ್ಟು ದೊಡ್ಡದು? ಹತ್ತು ಜನರನ್ನ ಕೂರಿಸಿ, ಕ್ರಿಕೆಟ್ ಅಂದರೇನು ಅಂತಾನೇ ಗೊತ್ತಿಲ್ಲದವರನ್ನ, 74 ಸಲ ನಾಣ್ಯ ಚಿಮ್ಮಿಸಿದರೆ ಅವರಲ್ಲಿ ಒಬ್ಬನಿಗೆ 43 ಅಥವಾ ಅದಕ್ಕಿಂತ ಹೆಚ್ಚು ಸರಿ ಬರಬಹುದು. ಹತ್ತರಲ್ಲಿ ಒಬ್ಬ! ಆ ಒಬ್ಬ ನಾನೇ ಆಗಿರಬಹುದು ಅಂತ ನನಗಾಗ ಹೊಳೆಯಲಿಲ್ಲ. ಇಲ್ಲಿ ಟೆಕ್ಸಾಸ್‌ನಲ್ಲಿ ಜರ್ನಿಮನ್ ಲೈಸೆನ್ಸ್ ಬೇಕಾದರೆ ಮಾಸ್ಟರ್ ಎಲೆಕ್ಟ್ರಿಷಿಯನ್ ಕೈಕೆಳಗೆ 8,000 ಗಂಟೆ ಕೆಲಸ ಮಾಡಬೇಕು. ಟಿಪ್ ಕೊಡೋನಾಗೋಕೆ ಎಂಟು ವಾರ ಸಾಕು, ಅದೃಷ್ಟ ಚೆನ್ನಾಗಿದ್ದರೆ.

ನಾನಾದರೂ ಮೋಸ ಮಾಡಬೇಕು ಅಂತ ಕೂತಿರಲಿಲ್ಲ. ಬೇಕಂತಲೇ ಮಾಡೋರ ಲೆಕ್ಕ ಕೇಳಿ. 1,024 ಜನರ ಫೋನ್ ನಂಬರ್ ಇಟ್ಟುಕೊಂಡು ಅರ್ಧ ಜನಕ್ಕೆ "ಚೆನ್ನೈ ಗೆಲ್ಲುತ್ತೆ", ಇನ್ನರ್ಧಕ್ಕೆ "ಮುಂಬೈ ಗೆಲ್ಲುತ್ತೆ" ಅಂತ ಕಳಿಸ್ತಾರೆ. ಸರಿಯಾದ 512 ಜನಕ್ಕೆ ಮತ್ತೆ ಹಾಗೇ. ಐದು ಮ್ಯಾಚ್ ಆದಮೇಲೆ 32 ಜನ ಉಳೀತಾರೆ. ಆ 32 ಜನಕ್ಕೆ ಐದಕ್ಕೆ ಐದೂ ಸರಿ ಹೇಳಿದ ಮಹಾಜ್ಞಾನಿ ಸಿಕ್ಕಿರ್ತಾನೆ. ಆರನೆಯದಕ್ಕೆ ಅವನು ಎಷ್ಟು ಫೀಸು ಕೇಳಿದರೂ ಕೊಡ್ತಾರೆ. ಟೆಲಿಗ್ರಾಮ್‌ನಲ್ಲಿ "ಫಿಕ್ಸ್ ರಿಪೋರ್ಟ್ ಇದೆ, ಪಕ್ಕಾ" ಅಂತ ಬರೋದರಲ್ಲಿ ಬಹುಪಾಲು ಇಂಥದ್ದೇ. ಆಟವೇ ಸ್ವಚ್ಛ ಅಂತಲೂ ನಾನು ಹೇಳಲ್ಲ. 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲೇ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡದ ಮಾಲೀಕರು, ಆಟಗಾರರನ್ನ ಹಿಡಿದರು. ಮ್ಯಾಚ್ ಫಿಕ್ಸಿಂಗ್ ವಂಚನೆಯ ಕಲಂ ಕೆಳಗೆ ಬರಲ್ಲ ಅಂತ 2022ರ ಜನವರಿಯಲ್ಲಿ ಹೈಕೋರ್ಟ್ ಆ ಕೇಸು ರದ್ದು ಮಾಡಿತು. ಅಂದರೆ ನಮ್ಮ ಎಕ್ಸೆಲ್ ಶೀಟಿಗೆ ಕಾಣದೇ ಇರೋದು ಬಹಳ ಇರಬಹುದು, ಅದಕ್ಕೆ ಗ್ಯಾರಂಟಿ ಯಾರೂ ಕೊಡೋಕಾಗಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ.

2023ರ ಸೀಸನ್ ಶುರುವಾಗೋ ಮುಂಚೆ ನನಗೊಂದು ಮೆಸೇಜ್ ಬಂತು. ಪರದೇಶದಲ್ಲಿ ಕೂತು ನಡೆಸುವ ಒಂದು ಬೆಟ್ಟಿಂಗ್ ಆ್ಯಪ್. ಹೆಸರು ಬೇಡ. "ನಿಮ್ಮ ಹತ್ತಿರ ಒಳ್ಳೆ ಜನರ ಗುಂಪಿದೆ. ನಮ್ಮ ಲಿಂಕ್ ಕೊಡಿ. ನಿಮ್ಮ ಮೂಲಕ ಬಂದವರಿಂದ ನಮಗೆ ಉಳಿಯೋದರಲ್ಲಿ ನೂರಕ್ಕೆ 25 ನಿಮಗೆ." ನಾನು ಅಂದುಕೊಂಡೆ, ಹೇಗೂ ಕೆಲವರು ಅಲ್ಲಿ ಇಲ್ಲಿ ಆಡ್ತಾನೇ ಇದ್ದಾರೆ, ನನ್ನ ರಾತ್ರಿಯ ಕೆಲಸಕ್ಕೆ ಒಂದಿಷ್ಟು ಕಾಸು ಬಂದರೆ ತಪ್ಪೇನು? ಲಿಂಕ್ ಹಾಕಿದೆ. ಟೆಕ್ಸಾಸ್‌ನಲ್ಲಿ ಇದು ಕಾನೂನಿಗೆ ಒಪ್ಪುತ್ತಾ ಅಂತ ಕೇಳಲೂ ಇಲ್ಲ. "ಅವರಿಗೆ ಉಳಿಯೋದು" ಅಂದರೆ ಏನು ಅಂತ ಒಂದು ನಿಮಿಷ ಕೂತು ಯೋಚಿಸಲೂ ಇಲ್ಲ. ವೈರಿನ ಬಣ್ಣ ನೋಡಿ ಲೈವ್ ಯಾವುದು ನ್ಯೂಟ್ರಲ್ ಯಾವುದು ಅಂತ ಹೇಳೋನಿಗೆ ಇದು ಕಾಣಲಿಲ್ಲ ಅಂದರೆ, ಕಾಣೋದು ಬೇಡವಾಗಿತ್ತು ಅಂತಲೇ ಅರ್ಥ. ಕಂಪನಿಗೆ ಉಳಿಯೋದು ಅಂದರೆ ನನ್ನ ಜನ ಕಳಕೊಳ್ಳೋದು.

ಆ ಸೀಸನ್ ನನ್ನ ಊಹೆ ಕೆಟ್ಟಿತು. ಒಂದು ಮ್ಯಾಚು ಮಳೆಗೆ ಹೋಯಿತು, ಉಳಿದ 73ರಲ್ಲಿ 34 ಸರಿ, 39 ತಪ್ಪು. ನಾನು ಪ್ರತಿ ದಿನ ಪ್ರಾಮಾಣಿಕವಾಗಿ ಬರೆದೆ. ಗೆದ್ದದ್ದನ್ನೂ ಬರೆದೆ, ಸೋತದ್ದನ್ನೂ ಬರೆದೆ. ಅಷ್ಟರಲ್ಲೇ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡಿದ್ದೆ.

ಜೂನ್ ತಿಂಗಳಲ್ಲಿ ಒಂದು ರಾತ್ರಿ ಡಲ್ಲಾಸ್ ಕಡೆಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ನಾನು ಅವಳನ್ನ ಒಂದೇ ಸಲ ನೋಡಿದ್ದು, ಯುಗಾದಿ ಊಟದಲ್ಲಿ. "ಅಣ್ಣಾ, ನಮ್ಮೆಜಮಾನ್ರು ನಿಮ್ಮನ್ನ ದೇವ್ರು ಅಂತ ತಿಳ್ಕೊಂಡಿದ್ರು. ಒಂದು ಸಲ ಮಾತಾಡಿ ಅಣ್ಣಾ, ಮೂರು ದಿನದಿಂದ ಊಟ ಬಿಟ್ಟಿದಾರೆ." ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

ಆ ಹುಡುಗನ ಹೆಸರು ಹೇಳಲ್ಲ. ಈ ಮಾತು ಹೇಳೋಕೆ ಅವನ ಒಪ್ಪಿಗೆ ತಗೊಂಡಿದ್ದೀನಿ, "ಹೇಳಣ್ಣ, ಇನ್ನೊಬ್ಬರಿಗೆ ಆಗದೇ ಇರಲಿ" ಅಂದಿದ್ದಾನೆ. ಊರಲ್ಲಿ ಅಪ್ಪನ ಮನೆಗೆ ತಾರಸಿ ಹಾಕಿಸೋಕೆ ಕೂಡಿಟ್ಟ ದುಡ್ಡು ಅವನ ಹತ್ತಿರ ಇತ್ತು. ಅವನು ಮಾಡಿದ್ದು ಬಹಳ ಜನ ಮಾಡೋದೇ. 50 ಡಾಲರ್ ಕಟ್ಟೋದು, ಸೋತರೆ 100, ಸೋತರೆ 200, ಹೀಗೆ ಡಬಲ್ ಮಾಡ್ತಾ ಹೋದರೆ ಒಂದಲ್ಲ ಒಂದು ಸಲ ಗೆದ್ದು ಎಲ್ಲಾ ವಾಪಸ್ ಬರುತ್ತೆ ಅನ್ನೋ ಲೆಕ್ಕ. 50, 100, 200, 400, 800, 1,600. ಆರು ಸಲ ಸಾಲಾಗಿ ಸೋತರೆ 3,150 ಡಾಲರ್. ಆರು ಸೋಲು ಸಾಲಾಗಿ ಬರೋದು ಅಪರೂಪ ಅಂತ ಅನ್ನಿಸುತ್ತೆ ಅಲ್ವಾ? 73 ಸಲ ನಾಣ್ಯ ಚಿಮ್ಮಿದರೆ ಎಲ್ಲೋ ಒಂದು ಕಡೆ ಆರು ಸೋಲು ಸಾಲಾಗಿ ಬೀಳೋ ಸಾಧ್ಯತೆ ನೂರಕ್ಕೆ ಸುಮಾರು 40. ಅವನಿಗೆ ಎರಡು ಸಲ ಬಿತ್ತು. 6,300 ಡಾಲರ್ ಹೋಯಿತು, ಕೊನೆಕೊನೆಗೆ ಕ್ರೆಡಿಟ್ ಕಾರ್ಡಿನದ್ದು.

"ನೀವು ನೂರಕ್ಕೆ ಅರವತ್ತು ಅಂತ ಬರೆದಿದ್ರಿ ಅಣ್ಣ" ಅಂದ. ನಿಜ, ಬರೆದಿದ್ದೆ. ಅರವತ್ತು ಅಂದರೆ ನಲವತ್ತು ಸಲ ಸೋಲುತ್ತೆ ಅಂತ ನಾನು ಹೇಳಿದ್ದೆ ಅಂತ ವಾದ ಮಾಡಬಹುದಿತ್ತು. ಆದರೆ ಫೋನ್ ಇಟ್ಟ ಮೇಲೆ ಆ ಆ್ಯಪಿನವರು ನನಗೆ ಕಳಿಸಿದ್ದನ್ನ ತೆಗೆದು ನೋಡಿದೆ. ಒಟ್ಟು 1,700 ಡಾಲರ್. ಅವನ 6,300ರಲ್ಲಿ ನೂರಕ್ಕೆ 25 ಅಂದರೆ 1,575. ನನಗೆ ಬಂದ ದುಡ್ಡಿನಲ್ಲಿ 125 ಡಾಲರ್ ಬಿಟ್ಟರೆ ಎಲ್ಲವೂ ಒಬ್ಬನೇ ಒಬ್ಬನ ಸೋಲಿನದು. ಅವನು ಡಬಲ್ ಮಾಡಿದ ಪ್ರತಿ ಸಲವೂ ನನ್ನ ಪಾಲು ಡಬಲ್ ಆಗಿದೆ. ನಾನು ಸರಿಯಾಗಿ ಹೇಳಿದ್ದರೆ ನನಗೆ ಒಂದು ಡಾಲರೂ ಬರ್ತಿರಲಿಲ್ಲ.

ಇದನ್ನ ಸ್ವಲ್ಪ ನಿಧಾನವಾಗಿ ಕೇಳಿ. ಟಿಪ್ ಕೊಡೋನಿಗೆ ಕಂಪನಿ ಹೀಗೆ ದುಡ್ಡು ಕೊಡೋದು ಈ ವ್ಯಾಪಾರದಲ್ಲಿ ಎಲ್ಲಾ ಕಡೆ ಇರೋ ಪದ್ಧತಿ. ನಿಮ್ಮನ್ನ ಗೆಲ್ಲಿಸ್ತೀನಿ ಅಂತ ಬರೋನ ಸಂಬಳ ನಿಮ್ಮ ಸೋಲಿನಿಂದ ಬರ್ತಾ ಇರಬಹುದು. ಅವನ ಅಂಕಿಅಂಶ ಎಷ್ಟೇ ಚೆನ್ನಾಗಿರಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ನಿನಗೆ ದುಡ್ಡು ಎಲ್ಲಿಂದ ಬರುತ್ತಪ್ಪಾ?" ಕಂಪನಿಗೆ ಬೇಕಾಗಿದ್ದು ನನ್ನ ಎಕ್ಸೆಲ್ ಶೀಟಲ್ಲ. ಅಂಥದ್ದು ಅವರ ಹತ್ತಿರ ನನಗಿಂತ ಸಾವಿರ ಪಾಲು ಚೆನ್ನಾಗಿದೆ. ಅವರಿಗೆ ಬೇಕಾಗಿದ್ದು ಅವಲಕ್ಕಿ ತಿಂದು ಕಾಫಿ ಕುಡಿದು ಬೆಳೆದ ನಂಬಿಕೆ. ಅದನ್ನ ನಾನು ನೂರಕ್ಕೆ 25ರಂತೆ ಮಾರಿದೆ.

ಮುಂದಿನ ಭಾನುವಾರ ಡಲ್ಲಾಸ್‌ಗೆ ಹೋದೆ. 1,700 ಡಾಲರ್ ಪೂರ್ತಿ ತಗೊಂಡು ಹೋದೆ. ಅವನು ತಗೊಳ್ಳಲಿಲ್ಲ. ಅವನ ಹೆಂಡತಿ ತಗೊಂಡಳು. "ಕಾರ್ಡಿಗೆ ಕಟ್ತೀನಿ ಅಣ್ಣ" ಅಂದಳು, ಅಷ್ಟೇ. ಊರಿನ ತಾರಸಿ ಒಂದು ವರ್ಷ ತಡವಾಯಿತು. ಆಮೇಲೆ ಎಲ್ಲರನ್ನೂ ಕರೆದು ನಡೆದದ್ದೆಲ್ಲ ಹೇಳಿದೆ. ಹದಿನೈದು ಇಪ್ಪತ್ತು ಜನ ಅವತ್ತೇ ಬಿಟ್ಟು ಹೋದರು. ಕೆಲವರು ನಾನು ದುಡ್ಡು ತಗೊಂಡೆ ಅಂತ. ಇನ್ನು ಕೆಲವರು, ನಿಜ ಹೇಳ್ತೀನಿ, ಇನ್ನು ಮೇಲೆ ಟಿಪ್ ಸಿಗಲ್ಲ ಅಂತ.

ಉಳಿದವರು ಕೂತು ಎರಡು ವರ್ಷದ ಪುಸ್ತಕ ತೆಗೆದೆವು. ಒಟ್ಟು 147 ಮ್ಯಾಚು, 77 ಸರಿ. ನೂರಕ್ಕೆ 52.4. ಪ್ರತಿ ಮ್ಯಾಚಿಗೂ ಹತ್ತೇ ಡಾಲರ್ ಕಟ್ಟಿ, ಪ್ರತಿ ಸಲವೂ 1.90 ದರ ಸಿಕ್ಕಿದೆ ಅಂತ ಇಟ್ಟುಕೊಂಡರೂ ಬಂದದ್ದು 693, ಹೋದದ್ದು 700. ಎರಡು ವರ್ಷ ನಿದ್ದೆಗೆಟ್ಟು ಮಾಡಿದ ಸಂಶೋಧನೆಯ ಫಲ ಏಳು ಡಾಲರ್ ನಷ್ಟ. ಗೆಲ್ಲೋ ಕುದುರೆಗೆ ದರ ಇನ್ನೂ ಕಮ್ಮಿ ಇರುತ್ತೆ, ಆದ್ದರಿಂದ ನಿಜವಾದ ಲೆಕ್ಕ ಇದಕ್ಕಿಂತ ಕೆಟ್ಟದ್ದು. ಮ್ಯಾಚ್ ಶುರುವಾಗುವ ಕ್ಷಣದ ಕೊನೆಯ ದರ ಇದೆಯಲ್ಲ, ಅದರಲ್ಲಿ ಎಲ್ಲರ ತಿಳಿವಳಿಕೆಯೂ ಸೇರಿರುತ್ತೆ. ನಮ್ಮ ಅಂದಾಜು ಆ ದರಕ್ಕಿಂತ ಚೆನ್ನಾಗಿತ್ತಾ ಅಂತ ಸಾಲುಸಾಲಾಗಿ ನೋಡಿದೆವು. ಇರಲಿಲ್ಲ.

ಟೆಕ್ಸಾಸಿನವನೇ ಒಬ್ಬ ಈ ಮಾತನ್ನ ಎಷ್ಟೋ ವರ್ಷದ ಹಿಂದೆ ಸೂತ್ರ ಮಾಡಿ ಇಟ್ಟಿದ್ದಾನೆ. ಐ-45ರಲ್ಲಿ ಡಲ್ಲಾಸ್ ಕಡೆ ಹೋಗುವಾಗ ಕಾರ್ಸಿಕಾನಾ ಅಂತ ಊರು ಸಿಗುತ್ತಲ್ಲ, ಅಲ್ಲಿ 1923ರಲ್ಲಿ ಹುಟ್ಟಿದ ಜಾನ್ ಕೆಲ್ಲಿ. ಆಸ್ಟಿನ್ ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಓದಿ, ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸಕ್ಕೆ ಸೇರಿದವನು. ಟೆಲಿಫೋನ್ ಲೈನಿನ ಗದ್ದಲದ ಲೆಕ್ಕ ಮಾಡ್ತಾ 1956ರಲ್ಲಿ ಒಂದು ಲೇಖನ ಬರೆದ. ಕೈಯಲ್ಲಿರೋ ದುಡ್ಡಿನಲ್ಲಿ ಎಷ್ಟು ಪಾಲು ಪಣಕ್ಕೆ ಇಡಬೇಕು ಅನ್ನೋದಕ್ಕೆ ಈಗಲೂ ಎಲ್ಲರೂ ಹೇಳೋದು ಅವನ ಸೂತ್ರವನ್ನೇ. 1.90 ದರಕ್ಕೆ ನಿಮ್ಮ ಗೆಲುವು ನಿಜಕ್ಕೂ ನೂರಕ್ಕೆ 55 ಇದ್ದರೆ, ಕೈಯಲ್ಲಿರೋದರಲ್ಲಿ ನೂರಕ್ಕೆ 5 ಇಡಬಹುದು ಅನ್ನುತ್ತೆ ಅದು. ನಮ್ಮ 52.4 ಹಾಕಿ ನೋಡಿದೆ. ಉತ್ತರ ಸೊನ್ನೆಗಿಂತ ಕೆಳಗೆ ಬಂತು. ಅಂದರೆ ಜೇಬಿಗೆ ಕೈ ಹಾಕಬೇಡ ಅಂತ. ನಾನು "ಯಾರು ಗೆಲ್ತಾರೆ" ಅಂತ ಮಾತ್ರ ಬರೆದೆ, "ಎಷ್ಟು ಕಟ್ಟಬೇಕು, ಕಟ್ಟಬೇಕಾ" ಅಂತ ಬರೆಯಲೇ ಇಲ್ಲ. ಫ್ಯೂಸ್ ಹಾಕದೆ ಲೈನ್ ಕೊಟ್ಟ ಹಾಗಾಯಿತು.

ಇಲ್ಲಿ ಯಾರಾದರೂ ಒಬ್ಬರು ಮ್ಯಾಟ್ರೆಸ್ ಮ್ಯಾಕ್ ಹೆಸರು ತೆಗೀತಾರೆ. ನಮ್ಮ ಹ್ಯೂಸ್ಟನ್ನಿನ ಗ್ಯಾಲರಿ ಫರ್ನಿಚರ್ ಮಾಲೀಕ ಜಿಮ್ ಮ್ಯಾಕಿಂಗ್‌ವೇಲ್, 2022ರಲ್ಲಿ ಆಸ್ಟ್ರೋಸ್ ಮೇಲೆ ಸುಮಾರು 1 ಕೋಟಿ ಡಾಲರ್ ಕಟ್ಟಿ ಸುಮಾರು 7.5 ಕೋಟಿ ಗೆದ್ದ ಅಂತ. ಗೆದ್ದದ್ದು ಹೌದು. ಆದರೆ ಆಸ್ಟ್ರೋಸ್ ಗೆದ್ದರೆ 3,000 ಡಾಲರಿಗೆ ಮೇಲ್ಪಟ್ಟು ಹಾಸಿಗೆ ಕೊಂಡವರಿಗೆ ಎರಡರಷ್ಟು ವಾಪಸ್ ಅಂತ ಅವರು ಮೊದಲೇ ಮಾತು ಕೊಟ್ಟಿದ್ದರು. ಬಂದ ದುಡ್ಡು ಆ ಗಿರಾಕಿಗಳಿಗೆ ಹೋಗಬೇಕಿತ್ತು. ಅವರು ಕಟ್ಟಿದ್ದು ಒಂಥರಾ ಇನ್ಶೂರೆನ್ಸ್, ಮೆರೆದದ್ದು ಅಂಗಡಿಯ ವ್ಯಾಪಾರ. ನಮ್ಮಂಥವರಿಗೆ ಹಿಂದೆ ಹಾಸಿಗೆ ಅಂಗಡಿ ಇಲ್ಲ.

ಕಾನೂನಿನ ಮಾತೂ ಒಂದಿಷ್ಟು, ಯಾಕಂದರೆ ಇದು ನಮ್ಮ ಕಾಗದಪತ್ರಕ್ಕೆ ಬರುವ ವಿಷಯ. 2018ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಕ್ರೀಡಾ ಬೆಟ್ಟಿಂಗಿಗೆ ಅನುಮತಿ ಕೊಟ್ಟಿವೆ. ಟೆಕ್ಸಾಸ್ ಕೊಟ್ಟಿಲ್ಲ. 2023ರಲ್ಲಿ ಇಲ್ಲಿನ ಹೌಸ್ ಒಪ್ಪಿತು, ಸೆನೆಟ್‌ನಲ್ಲಿ ನಿಂತುಹೋಯಿತು. ಪಕ್ಕದ ಲೂಸಿಯಾನದಲ್ಲಿ ಇದೆ, ಅದಕ್ಕೇ ಜನ ಐ-10 ಹಿಡಿದು ಲೇಕ್ ಚಾರ್ಲ್ಸ್ ಕಡೆ ಹೋಗೋದು. ಸಿಟಿಜನ್‌ಶಿಪ್ ಅರ್ಜಿ ಹಾಕುವಾಗ ಒಳ್ಳೆ ನಡತೆ ನೋಡ್ತಾರೆ, ಅದರಲ್ಲಿ ಅಕ್ರಮ ಜೂಜೂ ಸೇರಿದೆ. ಗೆದ್ದದ್ದಕ್ಕೆ ಟ್ಯಾಕ್ಸ್ ಇದೆ. 2026ರಿಂದ ಸೋತದ್ದರಲ್ಲಿ ನೂರಕ್ಕೆ 90 ಮಾತ್ರ ಕಳೆಯೋಕೆ ಬಿಡ್ತಾರೆ. ಅಂದರೆ 10,000 ಗೆದ್ದು 10,000 ಸೋತು ಮನೆಗೆ ಬರಿಗೈಲಿ ಬಂದರೂ 1,000ಕ್ಕೆ ಟ್ಯಾಕ್ಸ್ ಕಟ್ಟಬೇಕು. ಊರಲ್ಲಿರೋ ತಮ್ಮಂದಿರಿಗೆ ಲಿಂಕ್ ಕಳಿಸೋರು ಇದನ್ನೂ ಕೇಳಿ. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸಿದೆ. ಅಂಥದ್ದಕ್ಕೆ ಜಾಹೀರಾತು ಮಾಡಿದರೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

ಪುಸ್ತಕ ನಿಲ್ಲಿಸಿದಿರಾ ಅಂತ ಕೇಳ್ತೀರಿ. ನಿಲ್ಲಿಸಲಿಲ್ಲ. ನಿಯಮ ಬದಲಾಯಿಸಿದೆವು. ಯಾವ ಕಂಪನಿಯ ಒಂದು ಕಾಸೂ ಮುಟ್ಟೋ ಹಾಗಿಲ್ಲ. ಯಾರೂ ಎಷ್ಟು ಕಟ್ಟಿದೆ, ಎಷ್ಟು ಗೆದ್ದೆ ಅಂತ ಹೇಳೋ ಹಾಗಿಲ್ಲ. ಊಹೆ ಬರೆಯೋನು ತನ್ನ ಹಳೆಯ ತಪ್ಪುಗಳ ಲೆಕ್ಕ ಮೇಲೆ ಬರೆದೇ ಬರೆಯಬೇಕು. ಸರಿ ಹೇಳಿದವನಿಗೆ ಬಹುಮಾನ ಅಂದರೆ ಮುಂದಿನ ವಾರ ಪಾತ್ರೆ ತೊಳೆಯೋದರಿಂದ ರಜ. ಆ ಹುಡುಗನ ಜೊತೆ ಇಬ್ಬರು ಸರದಿ ಮೇಲೆ ಮಾತಾಡ್ತಾ ಇರಬೇಕು ಅಂತಲೂ ಒಂದು ನಿಯಮ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್ ಅಂತ ಇದೆ, ಚಟ ಬಿಡಬೇಕು ಅನ್ನೋರು ಸೇರಿ ತಮ್ಮ ಕಥೆ ಹೇಳಿಕೊಳ್ಳೋ ಕೂಟ. ಮೊದಲ ಸಲ ಅವನ ಜೊತೆ ನಾನೂ ಹೋದೆ. ಇಂಗ್ಲಿಷ್‌ನಲ್ಲಿ ಎದ್ದು ನಿಂತು ಹೇಳೋಕೆ ಅವನಿಗೆ ನಾಚಿಕೆ. ಕಾರಿನಲ್ಲಿ ವಾಪಸ್ ಬರುವಾಗ ಕನ್ನಡದಲ್ಲಿ ಎಲ್ಲಾ ಹೇಳಿದ. ಅಲ್ಲಿ ನನಗನ್ನಿಸಿದ್ದು, ನಮ್ಮ ಗುಂಪಿನ ಉಪಯೋಗ ಇಷ್ಟಕ್ಕೇ ಇರಬಹುದು.

2024ರ ಜೂನ್ 6ರಂದು ಗ್ರ್ಯಾಂಡ್ ಪ್ರೇರಿಯಲ್ಲಿ ವಿಶ್ವಕಪ್ಪಿನ ಅಮೆರಿಕ-ಪಾಕಿಸ್ತಾನ ಮ್ಯಾಚು. ಕ್ಲಿಯರ್ ಲೇಕ್‌ನಿಂದ ಎರಡು ಕಾರಿನಲ್ಲಿ ಹೋದೆವು. ಕಾರ್ಸಿಕಾನಾ ದಾಟುವಾಗ ಎಲ್ಲರೂ ನನ್ನನ್ನ ನೋಡಿ ನಕ್ಕರು. ಅವನೂ ಹೆಂಡತಿ ಜೊತೆ ಸ್ಟೇಡಿಯಂಗೆ ಬಂದಿದ್ದ. ಪುಸ್ತಕದಲ್ಲಿ ನಾವು ಅಮೆರಿಕಕ್ಕೆ ಕೊಟ್ಟದ್ದು ಬಹಳ ಕಮ್ಮಿ. ಹಿಂದಿನ ತಿಂಗಳು ನಮ್ಮ ಹ್ಯೂಸ್ಟನ್ ಪಕ್ಕದ ಪ್ರೇರಿ ವ್ಯೂನಲ್ಲೇ ಬಾಂಗ್ಲಾದೇಶವನ್ನ 2-1ರಲ್ಲಿ ಸೋಲಿಸಿದ್ದನ್ನ ನೋಡಿಯೂ ಅಷ್ಟೇ ಕೊಟ್ಟಿದ್ದೆವು. ಪಾಕಿಸ್ತಾನ 159. ಮೂರು ವಿಕೆಟ್ ತೆಗೆದದ್ದು ನಾಸ್ತುಷ್ ಕೆಂಜಿಗೆ, ಅಲಬಾಮಾದಲ್ಲಿ ಹುಟ್ಟಿ ನಮ್ಮ ಕರ್ನಾಟಕದಲ್ಲಿ ಬೆಳೆದ ಹುಡುಗ. ಅವನು ವಿಕೆಟ್ ತೆಗೆದಾಗ ನಾವು ಕನ್ನಡದಲ್ಲಿ ಕೂಗಿದ್ದು ಟಿವಿಗೆ ಕೇಳಿಸಿರಬೇಕು. ಕೊನೆಯ ಚೆಂಡಿಗೆ ಐದು ಬೇಕಿತ್ತು, ಫೋರ್ ಹೊಡೆದು ಟೈ ಆಯಿತು. ಸೂಪರ್ ಓವರ್‌ನಲ್ಲಿ ಅಮೆರಿಕ 18, ಪಾಕಿಸ್ತಾನ 13.

ವಾಪಸ್ ಬರುವಾಗ ಒಬ್ಬ ಅಂದ, "ಛೇ, ಇವತ್ತು ಅಮೆರಿಕದ ಮೇಲೆ ನೂರು ಡಾಲರ್ ಕಟ್ಟಿದ್ದಿದ್ರೆ!" ಹಿಂದಿನ ಸೀಟಿನಿಂದ ಇನ್ನೊಬ್ಬ ಪುಸ್ತಕ ತೆಗೆದು ಓದಿದ: "ನೀನೇ ಬರೆದಿದ್ದೀಯಲ್ಲೋ, ಪಾಕಿಸ್ತಾನ 85 ಪರ್ಸೆಂಟ್ ಅಂತ." ಕಾರು ತುಂಬಾ ನಗು. ಆದಮೇಲೆ ಎಲ್ಲರಿಗೂ ಗೊತ್ತಿರುತ್ತೆ. ಆಗೋ ಮುಂಚೆ ಏನು ಗೊತ್ತಿತ್ತು ಅನ್ನೋದನ್ನ ಬರೆದಿಟ್ಟ ಪುಸ್ತಕ ಮಾತ್ರ ಹೇಳುತ್ತೆ. ಅದಕ್ಕೇ ಅದನ್ನ ಇನ್ನೂ ಇಟ್ಟುಕೊಂಡಿದ್ದೇವೆ.

ಆ ಪುಸ್ತಕ ಇವತ್ತು ತಂದಿದ್ದೀನಿ, ಕಾಫಿ ಇಟ್ಟಿರೋ ಟೇಬಲ್ ಮೇಲಿದೆ. ನನ್ನ 70 ತಪ್ಪೂ ಅದರಲ್ಲಿದೆ, ಕೊನೆಯ ಪುಟದಲ್ಲಿ 1,700 ಡಾಲರಿನ ಲೆಕ್ಕವೂ ಇದೆ. ಯಾರು ಬೇಕಾದರೂ ನೋಡಬಹುದು. ನಿಮ್ಮಲ್ಲಿ ಯಾರಾದರೂ ಈಗ ಅಂಥ ಸುಳಿಯಲ್ಲಿದ್ದರೆ, ಇಲ್ಲಿ ಎದ್ದು ಹೇಳಬೇಕಾಗಿಲ್ಲ. ಹೋಗುವಾಗ "ಅಣ್ಣ, ಒಂದು ಸ್ವಿಚ್ ರಿಪೇರಿ ಇದೆ" ಅನ್ನಿ. ನನಗೆ ಅರ್ಥ ಆಗುತ್ತೆ, ಬರ್ತೀನಿ.